ಬೇಸಿಗೆಯಲ್ಲಿ ಜರ್ಮನಿಯ ನದಿ ಕ್ರೂಸ್: ನೀರಿನ ಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ರೈನ್ ಕ್ರೂಸ್ ಬುಕ್ ಮಾಡಿದ್ದೀವಿ, ಆಗಸ್ಟಿನಲ್ಲಿ ನೀರು ಇರುತ್ತಾ?" ನಾನಿರುವುದು ರೈನ್ ದಡದ ಮೈಂಟ್ಸ್ ಹತ್ತಿರ. ಹಡಗಿನ ಕೆಲಸದವನಲ್ಲ. ಆದರೆ 2022ರ ಆಗಸ್ಟಿನಲ್ಲಿ ನನ್ನ ಅಪ್ಪ ಅಮ್ಮನ ಎಂಟು ದಿನದ ಪ್ರವಾಸದಲ್ಲಿ ಮೂರು ದಿನ ಬಸ್ಸಿನಲ್ಲೇ ಕಳೆದುಹೋಯಿತು. ಅಂದಿನಿಂದ ಈ ನದಿಗಳ ನೀರಿನ ಲೆಕ್ಕವನ್ನು ಕೂತು ಕಲಿತೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಹಿರಿಯರನ್ನು ಕರೆದುಕೊಂಡು ಬರುವವರಿಗೆ ಇದು ಮೊದಲೇ ಗೊತ್ತಿರಬೇಕು ಅನ್ನುವ ಆಸೆಯಿಂದ ಇಲ್ಲಿ ಬರೆದಿದ್ದೇನೆ.

ಬೇಸಿಗೆ ಅಂದರೆ ಇಲ್ಲಿನ ನದಿಗಳಲ್ಲಿ ನೀರು ಕಡಿಮೆ ಎಂದೇ ಅರ್ಥವೇ?

ಹಾಗೇನಿಲ್ಲ. ರೈನ್ ನದಿಗೆ ಆಲ್ಪ್ಸ್ ಪರ್ವತದ ಹಿಮದ ಬಲವಿದೆ. ಮೇಲಿನ ಹಿಮ ಕರಗಿ ಮೇ ಕೊನೆಯಿಂದ ಜುಲೈವರೆಗೆ ನೀರು ಬರುತ್ತಲೇ ಇರುತ್ತದೆ. ನಡುವೆ ಬೋಡನ್‌ಸೀ ಎಂಬ ದೊಡ್ಡ ಸರೋವರ ಅದನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಹಿಮ ಮುಗಿದು, ಮಳೆಯೂ ಕೈಕೊಟ್ಟಾಗ ತೊಂದರೆ. ಹಾಗಾಗಿ ಮಧ್ಯ ರೈನ್‌ನಲ್ಲಿ ನೀರು ತೀರಾ ಇಳಿಯುವುದು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್, ನವೆಂಬರ್‌ವರೆಗೆ. ದಾಖಲೆಯ ಕನಿಷ್ಠ ಮಟ್ಟ ಕಂಡದ್ದೂ ಬೇಸಿಗೆಯಲ್ಲಲ್ಲ, 2018ರ ಅಕ್ಟೋಬರಿನಲ್ಲಿ.

ಆದರೆ 2022ರಲ್ಲಿ ಆಗಸ್ಟ್ ನಡುವಿನಲ್ಲೇ ನದಿ ಸೊರಗಿಹೋಯಿತು. 2025ರಲ್ಲಂತೂ ಒಣ ಹವೆಯಿಂದಾಗಿ ಮಾರ್ಚ್, ಏಪ್ರಿಲ್‌ನಲ್ಲೇ ರೈನ್ ಇಳಿದಿತ್ತು. ಹಳೆಯ ಪಂಚಾಂಗವನ್ನು ಪೂರ್ತಿ ನಂಬುವ ಕಾಲ ಇದಲ್ಲ.

ಯಾವ ನದಿಯಲ್ಲಿ ಹೋದರೆ ಭಯವಿಲ್ಲ?

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಆದರೆ ಇದನ್ನು ಕೇಳುವವರು ತೀರಾ ಕಡಿಮೆ. ಎಲ್ಲರೂ "ಯಾವ ತಿಂಗಳು" ಎಂದು ಕೇಳುತ್ತಾರೆ. "ಯಾವ ಭಾಗ" ಎಂದು ಕೇಳಬೇಕು.

ಇಲ್ಲಿನ ನದಿಗಳಲ್ಲಿ ಎರಡು ಬಗೆಯ ಹಾದಿಗಳಿವೆ. ಒಂದು, ಅಡ್ಡಲಾಗಿ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಪಕ್ಕದಲ್ಲಿ ಲಾಕ್ (ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ಹಡಗನ್ನು ಮೇಲೇರಿಸುವ, ಕೆಳಗಿಳಿಸುವ ಗೇಟಿನ ಕೋಣೆ) ಇಟ್ಟಿರುವ ಹಾದಿ. ಇಲ್ಲಿ ನದಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ಕೆರೆಗಳ ಸಾಲಿನಂತೆ. ಮಳೆ ಬರಲಿ ಬಿಡಲಿ, ಆಳ ಹೆಚ್ಚುಕಡಿಮೆ ಒಂದೇ. ಮೋಸೆಲ್ (1964ರಿಂದ ದೊಡ್ಡ ಹಡಗುಗಳು ಓಡಾಡುತ್ತಿವೆ), ನೆಕ್ಕರ್ (ಮಾನ್‌ಹೈಮ್‌ನಿಂದ ಪ್ಲೋಖಿಂಗೆನ್‌ವರೆಗೆ 27 ಲಾಕ್), ಬಾಂಬೆರ್ಗ್‌ವರೆಗಿನ ಮೈನ್ (34 ಲಾಕ್), ಅಲ್ಲಿಂದ ಮುಂದೆ ಕೆಲ್‌ಹೈಮ್‌ವರೆಗೆ 1992ರಲ್ಲಿ ಮುಗಿದ 171 ಕಿ.ಮೀ. ಉದ್ದದ ಮೈನ್-ಡ್ಯಾನ್ಯೂಬ್ ಕಾಲುವೆ, ಇವೆಲ್ಲ ಈ ಬಗೆಯವು. ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗಿನ ಮೇಲಿನ ರೈನ್ ಕೂಡ ಹೀಗೆಯೇ.

ಎರಡನೆಯದು, ಒಡ್ಡಿಲ್ಲದೆ ತನ್ನ ಪಾಡಿಗೆ ಹರಿಯುವ ಹಾದಿ. ಇಫೆಟ್ಸ್‌ಹೈಮ್‌ನಿಂದ ಕೆಳಗೆ ಡಚ್ ಗಡಿಯವರೆಗಿನ ಇಡೀ ರೈನ್, ಡ್ಯಾನ್ಯೂಬಿನಲ್ಲಿ ಶ್ಟ್ರಾಬಿಂಗ್ ಮತ್ತು ಫಿಲ್ಸ್‌ಹೋಫೆನ್ ನಡುವಿನ ಸುಮಾರು 70 ಕಿ.ಮೀ., ಮತ್ತು ಜೆಕ್ ಗಡಿಯಿಂದ ಹ್ಯಾಂಬರ್ಗ್ ಹತ್ತಿರದ ಗೇಸ್ಟ್‌ಹಾಖ್ಟ್ ಒಡ್ಡಿನವರೆಗಿನ ಎಲ್ಬೆ. ಪ್ರವಾಸಿಗರು ಬಸ್ಸು ಹತ್ತಬೇಕಾಗಿ ಬರುವುದು ಬಹುಪಾಲು ಇಲ್ಲೇ.

ನಿಮ್ಮ ಪ್ರವಾಸದ ನಕ್ಷೆ ಕೈಗೆತ್ತಿಕೊಳ್ಳಿ. ಅದರಲ್ಲಿ ಈ ಮೂರು ಭಾಗಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

"ಕೌಬ್‌ನಲ್ಲಿ 40 ಸೆಂಟಿಮೀಟರ್" ಎಂದು ಪತ್ರಿಕೆಯಲ್ಲಿ ಓದಿದೆ. ಮೊಣಕಾಲುದ್ದ ನೀರಿನಲ್ಲಿ ಹಡಗು ಹೇಗೆ ಹೋಗುತ್ತದೆ?

2022ರಲ್ಲಿ ನಮ್ಮಮ್ಮನೂ ಇದನ್ನೇ ಕೇಳಿದ್ದರು. ಕೌಬ್ ಎಂದರೆ ಮೈಂಟ್ಸ್ ಮತ್ತು ಕೋಬ್ಲೆಂಟ್ಸ್ ನಡುವೆ ರೈನ್ ದಡದಲ್ಲಿರುವ ಪುಟ್ಟ ಊರು. ಪತ್ರಿಕೆಯಲ್ಲಿ ಬರುವುದು ಅಲ್ಲಿನ ಪೆಗೆಲ್ ಅಂಕಿ. ಪೆಗೆಲ್ ಎಂದರೆ ನದಿ ದಡದಲ್ಲಿ ನೆಟ್ಟ ಅಳತೆಪಟ್ಟಿ. ಆ ಪಟ್ಟಿಯ ಸೊನ್ನೆ ಇರುವುದು ನದಿಯ ತಳದಲ್ಲಲ್ಲ. ಒಂದೊಂದು ಊರಿನ ಪಟ್ಟಿಗೂ ಅದರದೇ ಸೊನ್ನೆ. ಆದ್ದರಿಂದ ಪೆಗೆಲ್ ಅಂಕಿ ನೀರಿನ ಆಳವಲ್ಲ.

ಆಳ ತಿಳಿಯಲು ಲೆಕ್ಕ ಹೀಗೆ. ಕೌಬ್ ಪೆಗೆಲ್ ಸುಮಾರು 78 ಸೆಂ.ಮೀ. ತೋರಿಸಿದಾಗ ಅಲ್ಲಿನ ಹಡಗಿನ ಹಾದಿಯಲ್ಲಿ 1.90 ಮೀಟರ್ ಆಳ ಇರುತ್ತದೆ. ಅಂದರೆ ಪೆಗೆಲ್ ಅಂಕಿಗೆ 1.12 ಮೀಟರ್ ಕೂಡಿಸಿ. 40 ಸೆಂ.ಮೀ. ಇದ್ದರೆ ಆಳ ಒಂದೂವರೆ ಮೀಟರ್. 2018ರ ಅಕ್ಟೋಬರ್ 22ರಂದು ಕೌಬ್‌ನಲ್ಲಿ 25 ಸೆಂ.ಮೀ. ಇದ್ದಾಗಲೂ ಹಾದಿಯಲ್ಲಿ 1.37 ಮೀಟರ್ ನೀರಿತ್ತು. 2022ರ ಆಗಸ್ಟಿನಲ್ಲಿ ಡಚ್ ಗಡಿಯ ಎಮ್ಮೆರಿಖ್‌ನ ಪಟ್ಟಿ ಸೊನ್ನೆಗಿಂತ ಕೆಳಗೆ ಇಳಿಯಿತು. "ರೈನ್ ಬತ್ತಿಹೋಯಿತು" ಎಂದು ವಾಟ್ಸಾಪಿನಲ್ಲಿ ಹರಿದಾಡಿದ್ದು ಆಗಲೇ. ನದಿ ಬತ್ತಿರಲಿಲ್ಲ, ಅಲ್ಲಿ ಹಡಗುಗಳು ಹಗುರವಾಗಿ ಓಡುತ್ತಲೇ ಇದ್ದವು.

ಕೊಲೋನ್ ಊರಿಗೆ ಹೋದರೆ ಹಳೇಪೇಟೆಯ ದಡದಲ್ಲಿರುವ ಪೆಗೆಲ್ ಗೋಪುರ ನೋಡಿ ಬನ್ನಿ. ದೂರದಿಂದ ಗಡಿಯಾರದ ಹಾಗೇ ಕಾಣುತ್ತದೆ. ಚಿಕ್ಕ ಮುಳ್ಳು ಮೀಟರ್ ತೋರಿಸುತ್ತದೆ, ದೊಡ್ಡ ಮುಳ್ಳು ಡೆಸಿಮೀಟರ್. ಹೊತ್ತು ನೋಡಿಕೊಳ್ಳುವ ಹಾಗೆ ನದಿ ನೋಡಿಕೊಳ್ಳುವ ಊರು ಅದು. ನಮ್ಮಪ್ಪ ತಮ್ಮ ಕೈಗಡಿಯಾರವನ್ನೂ ಅದನ್ನೂ ಎರಡು ಸಲ ಹೋಲಿಸಿ ನೋಡಿದ ಮೇಲೆ ಗುಟ್ಟು ಗೊತ್ತಾಯಿತು.

ಸರಿ, ಎಷ್ಟು ಅಂಕಿಗೆ ಹೆದರಬೇಕು?

ಕ್ರೂಸ್ ಹಡಗುಗಳು ಸಾಮಾನ್ಯವಾಗಿ 110ರಿಂದ 135 ಮೀಟರ್ ಉದ್ದ, ಸುಮಾರು 11.4 ಮೀಟರ್ ಅಗಲ. ನೀರಿನೊಳಗೆ ಮುಳುಗುವ ಭಾಗ ಒಂದೂವರೆ ಮೀಟರ್ ಆಸುಪಾಸು, ಕೆಲವದ್ದು ಇನ್ನೂ ಸ್ವಲ್ಪ ಹೆಚ್ಚು. ಜನ ಮತ್ತು ಹಾಸಿಗೆ ಹೊರುವ ಹಡಗು, ಕಲ್ಲಿದ್ದಲು ತುಂಬಿದ ಸರಕು ಹಡಗಿನಷ್ಟು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ "ಸರಕು ಹಡಗುಗಳು ಅರ್ಧ ಖಾಲಿ ಓಡುತ್ತಿವೆ" ಎಂಬ ಸುದ್ದಿ ಕೇಳಿ ನೀವು ಟಿಕೆಟ್ ರದ್ದು ಮಾಡಬೇಕಿಲ್ಲ.

ಕೌಬ್ 80ಕ್ಕಿಂತ ಮೇಲಿದ್ದರೆ ನಾನು ಚಿಂತೆ ಮಾಡುವುದಿಲ್ಲ. 60ರ ಕೆಳಗೆ ಬಂದರೆ ಕಂಪನಿಗೆ ಒಂದು ಫೋನ್ ಮಾಡಿ ಎನ್ನುತ್ತೇನೆ. 40ಕ್ಕೆ ಇಳಿದರೆ ಬಸ್ಸಿಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಇದು ಸರ್ಕಾರದ ನಿಯಮವಲ್ಲ, ನಾನು ಕಂಡು ಕಲಿತ ಅಂದಾಜು. ನೀರು ಕಡಿಮೆ ಎಂಬ ಕಾರಣಕ್ಕೆ ರೈನ್‌ನಲ್ಲಿ ಸಂಚಾರ ನಿಲ್ಲಿಸುವ ಆದೇಶ ಬರುವುದಿಲ್ಲ. ಹೋಗಬೇಕೋ ಬೇಡವೋ ಎಂದು ನಿರ್ಧರಿಸುವ ಹೊಣೆ ಹಡಗಿನವರದ್ದು.

ಎಲ್ಲರೂ ಕೌಬ್ ಕೌಬ್ ಅನ್ನುವುದು ಯಾಕೆ?

ಆ ಭಾಗದಲ್ಲಿ ನದಿಯ ತಳ ಬಂಡೆ. ಅದಕ್ಕಿಂತ ಕೆಳಗೆ, ಕೊಲೋನ್ ಕಡೆ, ಇದೇ ರೀತಿಯ ಕಡಿಮೆ ನೀರಿನ ದಿನಗಳಲ್ಲೂ 2.50 ಮೀಟರ್ ಆಳ ಕಾಯ್ದುಕೊಳ್ಳುತ್ತಾರೆ. ಮೈಂಟ್ಸ್ ಆಚೆಯ ಬೂಡನ್‌ಹೈಮ್‌ನಿಂದ ಸಾಂಕ್ಟ್ ಗೋವಾರ್‌ವರೆಗೆ ಮಾತ್ರ 1.90 ಮೀಟರ್. ದಕ್ಷಿಣಕ್ಕೆ ಹೋಗುವ ಪ್ರತಿ ಹಡಗೂ ಈ ಬಾಗಿಲಲ್ಲೇ ನುಸುಳಬೇಕು. ಈ ಭಾಗವನ್ನು 2.10 ಮೀಟರಿಗೆ ಏರಿಸುವ ಸರ್ಕಾರಿ ಯೋಜನೆ ಇದೆ. ಕೇವಲ 20 ಸೆಂಟಿಮೀಟರ್ ಅನ್ನಿಸಬಹುದು. ಒಂದು ಸರಕು ಹಡಗಿಗೆ ಅದು ನೂರಾರು ಟನ್ನಿನ ಮಾತು.

ವಿಪರ್ಯಾಸವೆಂದರೆ ಎಲ್ಲರೂ ನೋಡಲು ಬರುವ ಜಾಗವೂ ಇದೇ. ಕೋಟೆಗಳು, ದ್ರಾಕ್ಷಿ ತೋಟಗಳು, 132 ಮೀಟರ್ ಎತ್ತರದ ಲೋರೆಲೈ ಬಂಡೆ, ನದಿ ನಡುವೆ ಹಡಗಿನ ಹಾಗೆ ನಿಂತಿರುವ ಫಾಲ್ಟ್ಸ್‌ಗ್ರಾಫೆನ್‌ಶ್ಟೈನ್ ಕೋಟೆ, ಎಲ್ಲವೂ 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 65 ಕಿ.ಮೀ. ಕಣಿವೆಯಲ್ಲಿವೆ.

ನೀರು ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ?

ಒಂದು ಮಿತಿಯವರೆಗೆ. ರೈನ್‌ನಲ್ಲಿ ಎರಡು ಗುರುತುಗಳಿವೆ. ಕೌಬ್‌ನಲ್ಲಿ 4.60 ಮೀಟರ್ ಮುಟ್ಟಿದರೆ ಹಡಗುಗಳು ವೇಗ ಇಳಿಸಿ ನದಿಯ ನಡುವೆಯೇ ಸಾಗಬೇಕು. 6.40 ಆದರೆ ಸಂಚಾರ ಬಂದ್. ಕೊಲೋನ್‌ನಲ್ಲಿ ಇದೇ ಗುರುತುಗಳು 6.20 ಮತ್ತು 8.30 ಮೀಟರ್. ಕಡಿಮೆ ನೀರಿನಲ್ಲಿ ಇಲ್ಲದ ಕಡ್ಡಾಯ ನಿಷೇಧ ಇಲ್ಲಿದೆ.

ಬಂದ್ ಆಗುವ ಮೊದಲೇ ಸೇತುವೆಗಳು ತಡೆಯುತ್ತವೆ. ನೀರು ಏರಿದಷ್ಟೂ ಸೇತುವೆಯ ಕೆಳಗಿನ ಜಾಗ ಕುಗ್ಗುತ್ತದೆ. ಕ್ಯಾಪ್ಟನ್ ಕೂರುವ ಕೋಣೆಯನ್ನೇ ಕೆಳಗಿಳಿಸುತ್ತಾರೆ, ಮೇಲಿನ ಡೆಕ್ಕಿಗೆ ಯಾರನ್ನೂ ಬಿಡುವುದಿಲ್ಲ. ಮೈನ್ ನದಿ ಮತ್ತು ಕಾಲುವೆಯಲ್ಲಿ ಇದು ನೀರು ಸರಿಯಾಗಿದ್ದಾಗಲೂ ಆಗುತ್ತದೆ. ದಯವಿಟ್ಟು ಅಲ್ಲಿ ಸಿಬ್ಬಂದಿ ಹೇಳಿದ್ದನ್ನು ಮೀರಬೇಡಿ, ಸೆಲ್ಫಿಗಾಗಿ ಎದ್ದು ನಿಲ್ಲಬೇಡಿ.

ಬೇಸಿಗೆಯ ನೆರೆ ಅಪರೂಪವೂ ಅಲ್ಲ. 2013ರ ಜೂನಿನಲ್ಲಿ ಪಾಸ್ಸಾವ್ ಊರಿನಲ್ಲಿ ಡ್ಯಾನ್ಯೂಬ್ 12.89 ಮೀಟರಿಗೆ ಏರಿತ್ತು. 1501ರ ನಂತರ ಅಷ್ಟು ನೀರು ಅಲ್ಲಿ ಬಂದಿರಲಿಲ್ಲ. 2021ರ ಜುಲೈ ನಡುವೆ ಆರ್ ಎಂಬ ಪುಟ್ಟ ಉಪನದಿ ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಜೀವಗಳನ್ನು ಒಯ್ದಿತು. 2024ರ ಜೂನ್ ಮೊದಲ ವಾರ ದಕ್ಷಿಣ ಜರ್ಮನಿಯ ನೆರೆಯಿಂದ ಡ್ಯಾನ್ಯೂಬಿನ ಕ್ರೂಸ್ ಹಡಗುಗಳು ಸಿಕ್ಕಲ್ಲೇ ನಿಂತವು. ನೆರೆ ದಿನಗಳ ಲೆಕ್ಕದಲ್ಲಿ ಇಳಿಯುತ್ತದೆ, ಬರ ವಾರಗಟ್ಟಲೆ ಕೂರುತ್ತದೆ. ಅಷ್ಟೇ ವ್ಯತ್ಯಾಸ.

ಡ್ಯಾನ್ಯೂಬ್ ಪ್ರವಾಸ ಪಾಸ್ಸಾವ್‌ನಿಂದ ಶುರುವಾಗುತ್ತದೆ. ನಮಗೂ ಈ ತೊಂದರೆ ಇದೆಯೇ?

ನೀವು ಪಾಸ್ಸಾವ್‌ನಿಂದ ಕೆಳಗೆ ವಿಯೆನ್ನಾ ಕಡೆಗೆ ಹೋಗುವವರಾದರೆ ಜರ್ಮನಿಯ ಆ ಕಷ್ಟದ 70 ಕಿ.ಮೀ. ನಿಮ್ಮ ಹಿಂದೆ ಉಳಿಯಿತು. ಪಾಸ್ಸಾವ್‌ನಲ್ಲಿ ಇನ್ ನದಿ ಆಲ್ಪ್ಸ್ ನೀರು ಹೊತ್ತು ಬಂದು ಸೇರುತ್ತದೆ. ಬೇಸಿಗೆಯಲ್ಲಿ ಅದರ ನೀರು ಡ್ಯಾನ್ಯೂಬಿನದ್ದಕ್ಕಿಂತ ಹೆಚ್ಚಿರುತ್ತದೆ. ಮೂರು ನದಿ ಕೂಡುವ ತುದಿಯಲ್ಲಿ ನಿಂತರೆ ಇನ್‌ನ ಮಸುಕು ಹಸಿರು, ಡ್ಯಾನ್ಯೂಬಿನ ಕಂದು, ಇಲ್ಟ್ಸ್‌ನ ಕಪ್ಪು ಬೇರೆಬೇರೆಯಾಗಿ ಕಾಣುತ್ತವೆ.

ನ್ಯೂರೆಂಬರ್ಗ್ ಅಥವಾ ರೇಗೆನ್ಸ್‌ಬುರ್ಗ್‌ನಿಂದ ಪಾಸ್ಸಾವ್‌ಗೆ ಬರುವ ಟಿಕೆಟ್ ಆದರೆ ಶ್ಟ್ರಾಬಿಂಗ್-ಫಿಲ್ಸ್‌ಹೋಫೆನ್ ಭಾಗವನ್ನು ದಾಟಲೇಬೇಕು. ಆಮ್‌ಸ್ಟರ್‌ಡಾಮ್‌ನಿಂದ ಬುಡಾಪೆಸ್ಟ್‌ವರೆಗಿನ ಉದ್ದದ ಪ್ರವಾಸದಲ್ಲಿ ಕೌಬ್ ಮತ್ತು ಈ ಭಾಗ ಎರಡೂ ಬರುತ್ತವೆ. ಆಗಸ್ಟ್, ಸೆಪ್ಟೆಂಬರಿಗೆ ಅದನ್ನು ತಗೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಎಲ್ಬೆ ಬಗ್ಗೆ ಏನನ್ನುತ್ತೀರಿ?

ತುಂಬ ಚೆಲುವಾದ ನದಿ. ಡ್ರೆಸ್ಡೆನ್‌ನಿಂದ ಮೇಲಕ್ಕೆ ಮರಳುಗಲ್ಲಿನ ಬೆಟ್ಟಗಳ ನಡುವೆ ಸಾಗುವ ಹಾದಿಗೆ ಸಾಟಿಯಿಲ್ಲ. ಆದರೆ ಆಲ್ಪ್ಸ್ ಹಿಮದ ಆಸರೆ ಇದಕ್ಕಿಲ್ಲ, ಮಳೆಯನ್ನೇ ನಂಬಿದ ನದಿ. ಬೇಸಿಗೆಯಲ್ಲಿ ವಾರಗಟ್ಟಲೆ ಆಳ ಸಾಲುವುದಿಲ್ಲ. ಆಳ ಕಡಿಮೆ ಇದ್ದರೂ ಓಡಲೆಂದೇ ಕಟ್ಟಿದ ಹಡಗುಗಳು ಇಲ್ಲಿವೆ, ಅವೂ ಕೆಲವೊಮ್ಮೆ ನಿಲ್ಲುತ್ತವೆ. ಎಲ್ಬೆಯ ರಾತ್ರಿ ತಂಗುವ ಕ್ರೂಸ್ ಬೇಕೆಂದರೆ ಏಪ್ರಿಲ್, ಮೇ ನೋಡಿ. ಬೇಸಿಗೆಯಲ್ಲಿ ಬಂದವರು ಡ್ರೆಸ್ಡೆನ್‌ನಲ್ಲಿ ಉಳಿದು, ಅಲ್ಲಿನ ಹಳೆಯ ಚಕ್ರದ ಸ್ಟೀಮರುಗಳು ಆ ದಿನ ಓಡುತ್ತಿದ್ದರೆ ಒಂದು ದಿನದ ಟಿಕೆಟ್ ತಗೊಂಡರೆ ಸಾಕು.

ನೀರಿನ ಮಟ್ಟವನ್ನು ನಾವೇ ಎಲ್ಲಿ ನೋಡಬಹುದು?

ಜರ್ಮನ್ ಜಲಮಾರ್ಗ ಇಲಾಖೆಯ "ಎಲ್ವಿಸ್" ಮತ್ತು "ಪೆಗೆಲ್‌ಆನ್‌ಲೈನ್" ತಾಣಗಳಲ್ಲಿ, ಪುಕ್ಕಟೆಯಾಗಿ. ಊರಿನ ಹೆಸರು ಹುಡುಕಿದರೆ ಈಗಿನ ಮಟ್ಟ ಮತ್ತು ಕಳೆದ ದಿನಗಳ ಗೆರೆ ಸಿಗುತ್ತದೆ. ರೈನ್‌ಗೆ ಕೌಬ್, ಡ್ಯಾನ್ಯೂಬಿಗೆ ಫೆಲ್ಲಿಂಗ್ ಮತ್ತು ಹೋಫ್‌ಕಿರ್ಖೆನ್, ಎಲ್ಬೆಗೆ ಡ್ರೆಸ್ಡೆನ್ ನೋಡಿ. ಕೋಬ್ಲೆಂಟ್ಸ್‌ನಲ್ಲಿರುವ ಕೇಂದ್ರ ಜಲವಿಜ್ಞಾನ ಸಂಸ್ಥೆ 2022ರಿಂದ ರೈನ್ ಮತ್ತು ಎಲ್ಬೆಗೆ ಆರು ವಾರದ ಮುನ್ನೋಟವನ್ನೂ ಕೊಡುತ್ತಿದೆ. ಮೊದಲ ನಾಲ್ಕೈದು ದಿನದ ಅಂಕಿಯನ್ನು ನೆಚ್ಚಬಹುದು. ಅದರಾಚೆಗಿನದ್ದು ಒಲವು ತೋರಿಸುತ್ತದೆ, ಅಷ್ಟೇ. ನಾಲ್ಕು ತಿಂಗಳ ಮುಂಚೆ "ಆಗಸ್ಟಿನಲ್ಲಿ ಹೇಗಿರುತ್ತೆ" ಎಂದು ಯಾರನ್ನು ಕೇಳಿದರೂ ಉತ್ತರ ಇಲ್ಲ.

ಹಡಗು ಮುಂದೆ ಹೋಗಲಾಗದಿದ್ದರೆ ಕಂಪನಿ ಏನು ಮಾಡುತ್ತದೆ?

ಹೆಚ್ಚಾಗಿ ಮೂರರಲ್ಲಿ ಒಂದು. ಆಳವಿಲ್ಲದ ಭಾಗದ ಆಚೆ ಅದೇ ಬಗೆಯ ಇನ್ನೊಂದು ಹಡಗು ಇದ್ದರೆ ಪ್ರವಾಸಿಗರನ್ನು ಬಸ್ಸಿನಲ್ಲಿ ಅಲ್ಲಿಗೆ ಒಯ್ದು, ಆ ಕಡೆಯವರನ್ನು ಈ ಕಡೆ ತರುತ್ತಾರೆ. ಸಾಮಾನು ಸಿಬ್ಬಂದಿಯೇ ಸಾಗಿಸುತ್ತಾರೆ, ನಿಮ್ಮ ಕ್ಯಾಬಿನ್ ನಂಬರ್ ಕೂಡ ಹಾಗೇ ಉಳಿಯಬಹುದು. ಇದು ಒಳ್ಳೆಯ ವ್ಯವಸ್ಥೆ. ಎರಡನೆಯದು, ಹಡಗು ಒಂದೇ ಕಡೆ ಲಂಗರು ಹಾಕಿ ಹೋಟೆಲಿನ ಹಾಗೆ ನಿಲ್ಲುತ್ತದೆ, ಊರು ತೋರಿಸಲು ದಿನಾ ಬಸ್. ಮೂರನೆಯದು ರದ್ದು.

ನಮ್ಮ ಮನೆಯವರಿಗೆ ಆದದ್ದು ಎರಡನೆಯದು. ಬೆಳಗ್ಗೆ ಎಂಟಕ್ಕೆ ಬಸ್ಸು, ಸಂಜೆ ಏಳಕ್ಕೆ ವಾಪಸ್. ಅಪ್ಪನಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಎತ್ತರ. ಮೂರನೇ ದಿನ ಅವರು ಇಳಿಯಲೇ ಇಲ್ಲ, ಕಿಟಕಿಯಿಂದಲೇ ಕೋಟೆ ನೋಡಿದರು. ಹಿರಿಯರನ್ನು ಕಳಿಸುವವರು ಬುಕ್ ಮಾಡುವಾಗಲೇ ಕೇಳಬೇಕಾದ ಪ್ರಶ್ನೆ ಇದು: "ನೀರು ಇಳಿದರೆ ಬದಲಿ ಹಡಗು ಇದೆಯೇ, ಬರೀ ಬಸ್ಸೇ?" ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ದುಡ್ಡು ವಾಪಸ್ ಸಿಗುತ್ತದೆಯೇ?

ಯುರೋಪಿಯನ್ ಒಕ್ಕೂಟದೊಳಗೆ ಪ್ಯಾಕೇಜ್ ಆಗಿ ಕೊಂಡಿದ್ದರೆ ಕಾನೂನು ನಿಮ್ಮ ಕಡೆ ಇದೆ. ಹೊರಡುವ ಮೊದಲೇ ಪ್ರವಾಸದ ಮುಖ್ಯ ಭಾಗ ಬದಲಾದರೆ ದಂಡವಿಲ್ಲದೆ ರದ್ದು ಮಾಡಬಹುದು. ಹೊರಟ ಮೇಲೆ ಹೇಳಿದ್ದು ಸಿಗದಿದ್ದರೆ ಬೆಲೆಯಲ್ಲಿ ಕಡಿತ ಕೇಳುವ ಹಕ್ಕಿದೆ. ಬರಕ್ಕೆ ಕಂಪನಿ ಹೊಣೆಯಲ್ಲದಿದ್ದರೂ ಈ ಕಡಿತ ಅನ್ವಯಿಸುತ್ತದೆ. ಅದರ ಮೇಲೆ ಪರಿಹಾರ ಬೇಕೆಂದರೆ ಮಾತ್ರ "ತಪ್ಪಿಸಲಾಗದ ಸನ್ನಿವೇಶ" ಎಂಬ ತಡೆ ಬರುತ್ತದೆ. ಒಂದು ಮಾತು: ತೊಂದರೆಯಾದ ದಿನವೇ, ಅಲ್ಲಿಯೇ, ಬರವಣಿಗೆಯಲ್ಲಿ ದೂರು ಕೊಡಿ. ಮನೆಗೆ ಬಂದು ನೆನಪಿಸಿಕೊಂಡು ಬರೆದದ್ದಕ್ಕೆ ಬಲ ಕಡಿಮೆ. ಬಸ್ಸಿನ ಹೊತ್ತು, ತಪ್ಪಿದ ಊರು ಎಲ್ಲ ಬರೆದಿಟ್ಟುಕೊಳ್ಳಿ.

ಬೆಂಗಳೂರಿನ ಏಜೆಂಟರ ಬಳಿ ಕೊಂಡಿದ್ದರೆ ಈ ಕಾನೂನು ತಾನಾಗಿ ಅನ್ವಯಿಸುತ್ತದೆಂದು ನಂಬಬೇಡಿ. ಷರತ್ತುಗಳ ಹಾಳೆಯಲ್ಲಿ "ನೀರಿನ ಮಟ್ಟ" ಎಂಬ ಪದ ಹುಡುಕಿ ಆ ಸಾಲನ್ನು ಪೂರ್ತಿ ಓದಿ, ಆಮೇಲೆ ಮುಂಗಡ ಕೊಡಿ.

ಒಂದು ದಿನದ ದೋಣಿ ವಿಹಾರಕ್ಕೂ ಇದೇ ಸಮಸ್ಯೆಯೇ?

ಕಡಿಮೆ. ವಿಹಾರದ ಹಡಗುಗಳು ಹಗುರ. ಅಲ್ಲಿ ಅಡ್ಡಿ ಬರುವುದು ದಡದ ಇಳಿದಾಣದಲ್ಲಿ. ಕೆಲವು ಊರಿನ ಕಟ್ಟೆಯ ಪಕ್ಕ ನೀರು ಸಾಲದೆ ಹಡಗು ನಿಲ್ಲದೆ ಮುಂದೆ ಹೋಗುತ್ತದೆ. ಇಳಿಯಬೇಕಾದ ಊರು ಇದೆಯೇ ಎಂದು ಅವತ್ತು ಬೆಳಗ್ಗೆ ಕೇಳಿ.

ಹಿರಿಯರಿಗೂ ಮಕ್ಕಳಿಗೂ ಹೊಂದುವ, ನೀರಿನ ಚಿಂತೆಯಿಲ್ಲದ ಪ್ರವಾಸ ಒಂದು ಹೇಳಿ.

ಮೋಸೆಲ್. ಕೋಬ್ಲೆಂಟ್ಸ್‌ನಿಂದ ಕೋಖೆಮ್, ಬೆರ್ನ್‌ಕಾಸ್ಟೆಲ್ ದಾಟಿ ಟ್ರಿಯರ್‌ವರೆಗೆ. ಲಾಕಿನೊಳಗೆ ಹೋಗುವಾಗ ಡೆಕ್ಕಿನಲ್ಲಿ ನಿಲ್ಲಿ. ಹಡಗಿನ ಎರಡೂ ಪಕ್ಕ ಪಾಚಿ ಹಿಡಿದ ಒದ್ದೆ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ (ಚಾಚಬೇಡಿ). ಹಿಂದೆ ಗೇಟು ಮುಚ್ಚುತ್ತದೆ, ಸದ್ದಿಲ್ಲದೆ ನೀರು ತುಂಬುತ್ತದೆ, ಗೋಡೆ ಒಂದೊಂದೇ ಕಲ್ಲಾಗಿ ಕೆಳಗಿಳಿದು ದ್ರಾಕ್ಷಿ ತೋಟ ಕಣ್ಣೆದುರು ಬರುತ್ತದೆ. ಮಕ್ಕಳು ಇದನ್ನು ಕೋಟೆಗಿಂತ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ.

ಲಾಕ್ ಇರುವಲ್ಲಿ ಲಾಕಿನದೇ ತೊಂದರೆಯೂ ಇದೆ. 2024ರ ಡಿಸೆಂಬರಿನಲ್ಲಿ ಸರಕು ಹಡಗೊಂದು ಮ್ಯೂಡೆನ್ ಲಾಕಿನ ಗೇಟಿಗೆ ಗುದ್ದಿ, ಅದು ಸರಿಯಾಗುವವರೆಗೆ ಹತ್ತಾರು ಹಡಗುಗಳು ಮೋಸೆಲ್‌ನಲ್ಲೇ ಸಿಕ್ಕಿಬಿದ್ದವು. ಆದರೆ ಇಂಥದ್ದು ವಿರಳ.

ನೆಕ್ಕರ್ ಕೂಡ ಚೆನ್ನ. ಹೈಡೆಲ್‌ಬೆರ್ಗ್‌ನಿಂದ ಮೇಲಕ್ಕೆ ಹಗಲಿನ ವಿಹಾರಗಳಿವೆ. ಕನ್ನಡದವರಿಗೆ ಈ ನದಿಯ ಮೇಲೆ ಒಂದು ಋಣವೂ ಇದೆ. "ಮಂಗಳೂರ ಸಮಾಚಾರ" ಹೊರತಂದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ನೆಕ್ಕರ್ ದಡದ ಎಸ್‌ಲಿಂಗೆನ್‌ನಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅದೇ ದಡದ ಟ್ಯೂಬಿಂಗೆನ್‌ನಲ್ಲಿ. ಟ್ಯೂಬಿಂಗೆನ್‌ವರೆಗೆ ದೊಡ್ಡ ಹಡಗು ಹೋಗುವುದಿಲ್ಲ, ಉದ್ದನೆಯ ಕೋಲು ಊರಿ ನಡೆಸುವ ಚಪ್ಪಟೆ ದೋಣಿಗಳಿವೆ.

ನೀರು ಇಳಿದಾಗಲೇ ಬಂದುಬಿಟ್ಟೆವು. ನೋಡಲು ಏನಾದರೂ ಉಳಿದಿದೆಯೇ?

ಇದೆ, ಬೇರೆ ದಿನಗಳಲ್ಲಿ ಕಾಣದ್ದೇ ಕಾಣುತ್ತದೆ. ಎಲ್ಬೆಯಲ್ಲಿ, ಜೆಕ್ ಗಡಿಯಾಚೆಯ ಡೆಚಿನ್ ಊರಿನ ದಡದಲ್ಲಿ ಒಂದು "ಹಸಿವಿನ ಕಲ್ಲು" ಇದೆ. ಬರದ ವರ್ಷಗಳನ್ನು ಜನ ಅದರ ಮೇಲೆ ಕೆತ್ತಿದ್ದಾರೆ, ಓದಬಹುದಾದ ಹಳೆಯ ಇಸವಿ 1616. "ನನ್ನನ್ನು ಕಂಡರೆ ಅಳು" ಎಂದು ಜರ್ಮನ್ ಭಾಷೆಯಲ್ಲಿ ಬರೆದಿದೆ. ನೀರು ಇಳಿದರೆ ಬೆಳೆ ಇಲ್ಲ, ದೋಣಿ ಇಲ್ಲ, ಹಿಟ್ಟು ಇಲ್ಲ ಎಂದು ಕಂಡುಂಡವರು ಕೆತ್ತಿದ ಮಾತು.

ರೈನ್‌ನಲ್ಲಿ, ಬಿಂಗೆನ್ ಎದುರಿನ ದ್ವೀಪದ ಮೇಲೆ ಇಲಿ ಗೋಪುರವಿದೆ. 2018ರಲ್ಲೂ 2022ರಲ್ಲೂ ದಡದಿಂದ ಅಲ್ಲಿಗೆ ಜನ ನಡೆದೇ ಹೋದರು. ನಾನೂ ಅಮ್ಮನನ್ನು ಅಷ್ಟು ದೂರವಲ್ಲ, ಅರ್ಧದವರೆಗೆ ಕರೆದೊಯ್ದೆ. ಕಾಲಡಿ ದುಂಡಗಿನ ಕಲ್ಲು, ಒಣಗಿ ಬಿಳಿಯಾದ ಚಿಪ್ಪುಗಳು ಚರಚರ ಎನ್ನುತ್ತಿದ್ದವು. ಅಮ್ಮ ಒಂದು ಚಿಪ್ಪನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಅದು ಈಗಲೂ ಊರಿನ ದೇವರ ಮನೆಯಲ್ಲಿದೆ.

ಹೀಗೆ ಇಳಿಯುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಸರಕು ಹಡಗು ಹಾದುಹೋಗುವಾಗ ಮೊದಲು ದಡದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಅದೇ ನೀರು ಅಲೆಯಾಗಿ ನುಗ್ಗಿ ಬರುತ್ತದೆ. ನೀರು ಹಿಂದೆ ಸರಿದದ್ದು ಕಂಡ ಕೂಡಲೇ ಮಕ್ಕಳ ಕೈ ಹಿಡಿದು ಮೇಲೆ ಬನ್ನಿ. ಕಾಲು ನೆನೆಸಲೂ ನದಿಗೆ ಇಳಿಯಬೇಡಿ. ಬತ್ತಿದ ರೈನ್‌ನಲ್ಲೂ ನಡುವಿನ ಸೆಳವು ದೊಡ್ಡವರನ್ನೇ ಒಯ್ಯುವಷ್ಟಿರುತ್ತದೆ.